ತಮಟೆ ಕಾಯಿಸಿದ್ದು

ಎಪ್ಪತ್ತೊಂದರ ಡಿಸೆಂಬರು. ಅರಸೀಕೆರೆಯಲ್ಲಿ
ಲಾಟೀನಿನ ಗಾಜಿಗೂ ಮಸಿ ಬಳಿದಿದ್ದರು.
ಬೀಡಿ ಸೇದುವವರು ಅಂಗೈ ಗೂಡು ಮಾಡಿ
ಕಿಡಿ ಮುಚ್ಚಿಕೊಳ್ಳುತ್ತಿದ್ದರು.
ಪೊಲೀಸಿನವನ ಸೀಟಿಯೊಂದೇ
ಬೀದಿಯಲ್ಲಿ ಧೈರ್ಯವಾಗಿ ಓಡಾಡುತ್ತಿತ್ತು.

ಅಂಥ ರಾತ್ರಿ ಮರುಳಮ್ಮ ತೀರಿಕೊಂಡಳು.
ಮಗ ಷಡಕ್ಷರಿ ಎಲ್ಲೋ ಗಡಿಯಲ್ಲಿ,
ಎಲ್ಲೋ ಅಂದರೆ ಎಲ್ಲಿ, ಅವಳಿಗೂ ತಿಳಿದಿರಲಿಲ್ಲ.
ಗೋಡೆಗೊರಗಿಸಿ ಕೂರಿಸಿ
ಹಣೆ ಎಲ್ಲಿದೆಯೆಂದು ತಡಕಿ ವಿಭೂತಿ ಹಚ್ಚಿದರು.
ಭಜನೆಯವರು ಬಂದರು.
ಮೆಲ್ಲಗೆ ಹಾಡಿ, ವಿಮಾನಕ್ಕೆ ಕೇಳಿಸೀತು,
ಅಂದರು ಪೋಸ್ಟ್ ಮಾಸ್ತರು.
ತಾಳಕ್ಕೆ ಬಟ್ಟೆ ಸುತ್ತಿ
ಪಿಸುಮಾತಿನಲ್ಲಿ ಶಿವನನ್ನು ಕರೆದರು.

ಸುದ್ದಿ ಸಾರಬೇಕಾದವನು ನಮ್ಮಪ್ಪ, ದ್ಯಾವಯ್ಯ.
ಇಬ್ಬನಿಗೆ ತಮಟೆ ಸೊಪ್ಪಾಗಿತ್ತು.
ಬಾರಿಸಿದರೆ ಒದ್ದೆ ಗೋಣಿಗೆ ಗುದ್ದಿದ ಹಾಗೆ.
ಎರಡು ಸೋಗೆ ಉರಿಸಿದರೆ ಚರ್ಮ ಏಳುತ್ತೆ,
ಎರಡು ಸೋಗೆ ಉರಿಸಿದರೆ ಮೇಲಿನಿಂದ ಊರೇ ಕಾಣುತ್ತೆ.
ಬೆಳಕು ಹರಿದ ಮೇಲೆ ಬಾರಿಸೋ ದ್ಯಾವ, ಅಂದರು ಯಾರೋ.
ಅಪ್ಪ ಮಾತಾಡಲಿಲ್ಲ. ಅವನು ಕೂತಿದ್ದದ್ದು
ಅವರದೇ ಜಗಲಿಯ ಮೇಲೆ.
ಅಂಥ ಕತ್ತಲು. ಯಾರಿಗೂ ಕಾಣಲಿಲ್ಲ.

ನನಗೆ ಒಂಬತ್ತು. ತಮಟೆ ನನ್ನ ತಲೆಯ ಮೇಲೆ.
ಹಳಿ ಹಿಡಿದು ಸ್ಟೇಷನ್ನಿನ ಕಡೆ ನಡೆದೆವು.
ಇಂಜಿನ್ನಿಗೆ ಟಾರ್ಪಾಲು ಇಳಿಬಿಟ್ಟು ಒಳಗೆ
ಆರೋಗ್ಯಸ್ವಾಮಿ ಕಲ್ಲಿದ್ದಲು ಎಸೆಯುತ್ತಿದ್ದ.
ಹಿಂದೆ ಬೋಗಿ ಬೋಗಿ ತುಂಬ ಸೈನಿಕರು.
ಮುಖವಿಲ್ಲ, ಕೆಮ್ಮು ಮಾತ್ರ.
ಯಾರು ಸತ್ತದ್ದು?
ಒಬ್ಬ ಸಿಪಾಯಿಯ ತಾಯಿ, ಅಂದ ಅಪ್ಪ.
ಅವನು ಟಾರ್ಪಾಲು ಎತ್ತಿ
ನಮ್ಮಿಬ್ಬರನ್ನೂ ಒಳಕ್ಕೆ ಎಳೆದುಕೊಂಡ.

ಒಲೆಯ ಬಾಯಿ ತೆರೆಯಿತು.
ಅಷ್ಟು ಬೆಂಕಿಯನ್ನು ನಾನು ಕಂಡೇ ಇರಲಿಲ್ಲ,
ಯುದ್ಧಕ್ಕೆ ಹೊರಟ ಬೆಂಕಿ.
ಅದರ ಮುಂದೆ ತಮಟೆಯನ್ನು
ರೊಟ್ಟಿಯ ಹಾಗೆ ತಿರುವಿ ತಿರುವಿ ಹಿಡಿದ ಅಪ್ಪ.
ಬೆರಳಿಂದ ತಟ್ಟಿ ನೋಡಿದ. ಟಣ್.
ಇನ್ನೊಮ್ಮೆ. ಟಣ್.

ಬೋಗಿಯೊಳಗಿಂದ ಯಾರೋ
ಹಲಗೆಗೆ ಎರಡು ಪೆಟ್ಟು ಕೊಟ್ಟರು.
ಮತ್ತೊಂದರಿಂದ ಮೂರು. ಆಮೇಲೆ ತಟ್ಟೆ, ಬೂಟು.
ಯಾವ ಭಾಷೆಯವರೋ, ಯಾವ ಊರಿನ ಕುಣಿತವೋ.
ಇದು ಸಾವಿನ ತಮಟೆಯೆಂದು ಅವರಿಗೆ ಯಾರು ಹೇಳಬೇಕು?
ಅಪ್ಪ ಹೇಳಲಿಲ್ಲ.
ಒಂದು ಸುತ್ತು ಮದುವೆಯ ಪೆಟ್ಟನ್ನೇ ಬಾರಿಸಿಬಿಟ್ಟ.

ರೈಲು ಹೋಯಿತು. ಬಿಸಿ ಆರುವ ಮೊದಲು
ಓಡಿ ಬಂದೆವು. ಮರುಳಮ್ಮನ ಸುದ್ದಿಯನ್ನು
ಮಾಲೇಕಲ್ಲು ಬೆಟ್ಟ ಎರಡೆರಡು ಸಲ ಹೇಳಿತು.

ಮಾರ್ಚಿನಲ್ಲಿ ಷಡಕ್ಷರಿ ಬಂದ, ಕುಂಟುತ್ತಾ.
ಬೇರೇನೂ ಕೇಳಲಿಲ್ಲ,
ಜೋರಾಗಿ ಬಾರಿಸಿದಿರಾ ದ್ಯಾವಣ್ಣ, ಅಷ್ಟೇ.

ಮೊನ್ನೆ ಮತ್ತೆ ಸೈರನ್ನು.
ಅಣಕು ಕಾರ್ಯಾಚರಣೆ, ದೀಪ ಆರಿಸಿ, ಅಂತ ಮೈಕು.
ಮೊಮ್ಮಗನ ತಮಟೆ ಫೈಬರಿನದು.
ಚಳಿಗೆ ಸೊಪ್ಪಾಗುವುದಿಲ್ಲ, ಬೆಂಕಿ ಬೇಡುವುದಿಲ್ಲ.
ಒಳ್ಳೆಯದೇ ಆಯಿತು.
ಆದರೂ ಅದರ ಮೇಲೆ ಅಂಗೈಯಿಟ್ಟು
ಕರೆಂಟು ಬರುವವರೆಗೂ ಕೂತಿದ್ದೆ.
ಯಾರ ಜಗಲಿಯ ಮೇಲೆ ಅಂತ ಕೇಳಬೇಡಿ.