ಚಿಲ್ಲರೆ

ಮುಹರ್ರಕ್‌ನ ಕೋಲ್ಡ್ ಸ್ಟೋರಿನಲ್ಲಿ
ಗಲ್ಲಾಪೆಟ್ಟಿಗೆಯ ಹಿಂದೆ ಹನ್ನೊಂದು ವರ್ಷ ನಿಂತಿದ್ದ ಮೋನಪ್ಪ.
ಲಬಾನ್, ಖುಬ್ಬೂಸ್, ಬಿಡಿ ಸಿಗರೇಟು,
ಕೊಳ್ಳುವವ ಯಾರೇ ಇರಲಿ, ಅದೇ ಮೋರೆ:
ಇಸ್ತ್ರಿ ಹಾಕಿ ಮಡಚಿಟ್ಟ ಹಾಗೆ.

ಆಮೇಲಿನದು ನಿಮಗೂ ಗೊತ್ತು.
ಓತ್ವ ಔತ್ವವಾಗಿ ಪೋಸ್ಟರಿನಲ್ಲಿ ಮೌನಪ್ಪ.
ಅರವತ್ತೆರಡು ಸಿನಿಮಾ.
ತಲೆಯ ಮೇಲೆ ಬಾಗಿಲು ಕಳಚಿ ಬಿತ್ತು, ಮದುಮಗಳು ಓಡಿಹೋದಳು,
ಎಮ್ಮೆ ಅವನ ರಾಜೀನಾಮೆ ಪತ್ರ ಮೇಯ್ದಿತು;
ಅವನು ಗಡಿಯಾರ ನೋಡಿಕೊಂಡ, ಅಷ್ಟೆ.
ಕೂತವರು ಕುರ್ಚಿಯಿಂದ ಜಾರಿದರು.

"ಎಲ್ಲಿ ಕಲಿತಿರಿ?" ಎಂದ ಪತ್ರಿಕೆಯವರಿಗೆ
"ಹಲ್ಲು ಚೆನ್ನಾಗಿಲ್ಲ" ಅನ್ನುತ್ತಿದ್ದ.

ನಾನು ಅವನ ಕೋಣೆಯವ, ಮೇಲಿನ ಮಂಚದವ.
ಆ ಆಗಸ್ಟಿನ ಮಧ್ಯಾಹ್ನ ಊರಿನ ಫೋನು ಬಂದಾಗ ಅಂಗಡಿಯಲ್ಲೇ ಇದ್ದೆ.
ಸಾಲಿನಲ್ಲಿ ಏಳು ಜನ.
"ಹ್ಞಾಂ" ಅಂದ. "ಯಾವಾಗ?" ಅಂದ. ಇಟ್ಟ.
ಮುನ್ನೂರೈವತ್ತು ಫಿಲ್ಸ್ ಎಣಿಸಿ ಕೊಟ್ಟ, ಒಂದೂ ತಪ್ಪದೆ.
ಎದುರಿದ್ದ ಪುಟ್ಟ ಹುಡುಗಿ, ಚಿಪ್ಸ್ ಪೊಟ್ಟಣ ಅಪ್ಪಿಕೊಂಡು,
ಆ ಮೋರೆ ನೋಡಿ
ಕಿಲಕಿಲ ನಕ್ಕುಬಿಟ್ಟಳು.
ಅವನು ಅವಳನ್ನೇ ನೋಡಿದ, ಬಹಳ ಹೊತ್ತು,
ಹೊಸ ನಾಣ್ಯ ತಿರುಗಿಸಿ ನೋಡುವ ಹಾಗೆ.

ಹೋದ ಚಳಿಗಾಲ ಮನಾಮದಲ್ಲಿ ಸಂಘದವರು ಕರೆಸಿ ಶಾಲು ಹೊದಿಸಿದರು.
ಮುಗಿದದ್ದೇ ಅಂಗಡಿಗೆ ಹೋಗೋಣ ಅಂದ.
ಈಗಲ್ಲಿ ಮೊಬೈಲ್ ರಿಪೇರಿ.
ಗಾಜಿನಾಚೆಯ ಮಲಯಾಳಿ ಹುಡುಗ, ಗುರುತು ಸಿಗದೆ,
"ಏನು ಕೆಟ್ಟಿದೆ?" ಕೇಳಿದ.
ಮೋನಪ್ಪ ಜೇಬು ತಡಕಿದ,
ಶಾಲು ಸರಿಮಾಡಿಕೊಂಡ.

ನಾನು ನಕ್ಕೆ. ನಗಬಾರದಿತ್ತು.