ವರ್ಷದ ಹುಣ್ಣು

ಹೊಫೂಫ್, ಚರ್ಮರೋಗದ ಹೊರವಿಭಾಗ, ಒಂಬತ್ತನೇ ಕೋಣೆ.
ಲಾಡ್ಲೇಸಾಬ ಬಲಗೆನ್ನೆಯ ಪಟ್ಟಿ ತಾನೇ ಬಿಚ್ಚಿ
ಖರ್ಜೂರದ ಅಂಟು ಹೋಗದ ಬೆರಳಲ್ಲಿ ತೋರಿಸುತ್ತಾನೆ:
ನಡುವೆ ಕುಳಿ, ಸುತ್ತ ಎದ್ದ ಅಂಚು,
ವಿಮಾನದ ಕಿಟಕಿಯಿಂದ ಕಂಡ ಬತ್ತಿದ ಬಾವಿ.
"ನೋವಿಲ್ರಿ ಅಕ್ಕಾರ, ಕಡತಾನೂ ಇಲ್ಲ.
ಆದ್ರ ಹೋಗವಲ್ದು."

ಏಸಿ ಕೆಟ್ಟ ವಾರ ಶೆಡ್ಡಿನ ಹೊರಗೆ
ಇಲಿಬಿಲಗಳ ಪಕ್ಕ ಮಂಚ ಎಳೆದು ಮಲಗಿದ್ದನಂತೆ,
ಸೊಳ್ಳೆಪರದೆ ಕಟ್ಟಿಯೇ.
ಪರದೆಯ ಕಣ್ಣು ಇದಕ್ಕೆ ಹೆಬ್ಬಾಗಿಲು.
ಎಳ್ಳಿನಷ್ಟು ಗಾತ್ರ, ಹಾರುವುದೂ ಅಲ್ಲ, ಕುಪ್ಪಳಿಸುವುದು.
ಸೊಳ್ಳೆಗಾದರೂ ಹಾಡಿ ತಿಳಿಸಿ ಬರುವ ಮರ್ಯಾದೆ ಉಂಟು.

ಮರಳುನೊಣ, ಎಂದೆ.
"ನಮ್ಮ ಕಡಿ ಉಸುಕು ಅಂತೀವ್ರಿ.
ಮರಳು ಅಂದ್ರ ಹೊಳ್ಳಿ ಹೋಗೋದಲ್ಲೇನ್ರಿ?
ಕರಾರು ಇನ್ನಾ ಎರಡು ವರ್ಷ ಅದ."

ಸೂಜಿಯನ್ನು ಅಂಚಿಗೇ ಚುಚ್ಚಬೇಕು, ಸುತ್ತಲೂ,
ಚರ್ಮ ಬೆಳ್ಳಗಾಗುವ ತನಕ.
ಈಗ ನೋಯುತ್ತದೆ. ಅವನು ಗೋಡೆಯ ಕ್ಯಾಲೆಂಡರ್ ಓದುತ್ತಾನೆ,
ಅರಬ್ಬಿಯಲ್ಲಿ, ಬಲದಿಂದ ಎಡಕ್ಕೆ, ತಪ್ಪು ತಪ್ಪಾಗಿ.
ಔಷಧಿಯಲ್ಲಿ ಏನದ ಎಂದ. ಆಂಟಿಮನಿ ಎಂದೆ,
ಹಿಂದೆ ಸುರುಮಾ ಅರೆಯುತ್ತಿದ್ದ ಕಲ್ಲಿನದ್ದು.
ಸುಮ್ಮನಾದ.
ನಿಕಾದ ದಿನ ಸುರುಮಾ ಉರಿದು ನೀರು ಬಂದು
ಮದುಮಗ ಅಳಲಿಕ್ಹತ್ಯಾನ ಎಂದು
ಇಡೀ ಆಳಂದ ನಕ್ಕಿತ್ತಂತೆ.

ಶುಕ್ರವಾರಕ್ಕೊಮ್ಮೆ ವಿಡಿಯೋ ಕಾಲು.
ಐದು ತಿಂಗಳಿಂದ ಎಡಗೆನ್ನೆಯೊಂದೇ ಮನೆ ತಲುಪಿದೆ.
ಚಾಂದಬಿಗೆ ಅನುಮಾನ:
"ಆ ಕಡಿ ಯಾರು ನಿಂತಾರ? ಫೋನು ಆ ಕಡಿ ತಿರುವು."

ಬಸ್ರಾದ ಮುದುಕ, ಔಷಧಿ ಕೊಡುವ ಅಬೂ ಜುಹೈರ್,
ಕಿಟಕಿಯಿಂದಲೇ ಕೂಗಿದ:
ನಮ್ಮಲ್ಲಿ ಈ ಹುಣ್ಣಿಗೆ 'ಉಖ್ತ್' ಎನ್ನುತ್ತಾರೆ, ಸಹೋದರಿ.
ಬಂದರೆ ವರ್ಷ ಇದ್ದೇ ಹೋಗುವಳು,
ಹೋಗುವಾಗ ಒಂದು ಗುರುತು ಕೊಟ್ಟು.
ಹೇಳು ನಿನ್ನ ಹೆಂಡತಿಗೆ, ನಿಂತವಳು ನಿನ್ನ ತಂಗಿ!

ಲಾಡ್ಲೇಸಾಬ ನಕ್ಕ. ನಕ್ಕರೆ ಪಟ್ಟಿ ಎಳೆಯಿತು.
ಕೆನ್ನೆ ಹಿಡಿದುಕೊಂಡೇ ಕೇಳಿದ:
"ಕಲೆ ಎಷ್ಟು ದೊಡ್ಡದಾಗತದ್ರಿ, ಸಿಸ್ಟರ್?"

ಎಂಟಾಣೆಯಷ್ಟು, ಎಂದೆ.
ನನಗೆ ಗೊತ್ತು. ನನ್ನದು ಗಡಿಯಾರದ ಅಡಿಯಲ್ಲುಂಟು,
ಬಂದ ಮೊದಲ ಬೇಸಗೆಯದ್ದು, ಹದಿನಾಲ್ಕು ವರ್ಷ.
ಕುಂದಾಪುರದಲ್ಲಿ ಅಮ್ಮ ಇವತ್ತಿಗೂ ಅಕ್ಕಪಕ್ಕದವರಿಗೆ ಹೇಳುತ್ತಾಳೆ,
ಮೀನು ಹುರಿಯುವಾಗ ಎಣ್ಣೆ ಹಾರಿದ್ದು,
ಅವಳಿಗೆ ಯಾವತ್ತೂ ಗಡಿಬಿಡಿ.

ಮುಂದಿನ ಸೂಜಿ ಭಾನುವಾರ.
ಗಂಟೆ ನೋಡುವವಳಂತೆ ನಾನು
ಪಟ್ಟಿಯನ್ನು ಒಂದು ತೂತು ಬಿಗಿ ಮಾಡುತ್ತೇನೆ.