ಗುರುವಾರದ ಆಲೂಗೆಡ್ಡೆ

ತಾರ್ತು ಊರಿನಲ್ಲಿ ಮೂವತ್ತೊಂದು ವರ್ಷ
ಬಸ್ಸು ಓಡಿಸಿದವನು ನಾನು, ಹೆಲ್ದುರ್.
ಹೊತ್ತು ಎಂದರೆ ಹೊತ್ತು. ನಾಲ್ಕು ಐವತ್ತಕ್ಕೆ ಡಿಪೋ,
ಐದು ಹತ್ತಕ್ಕೆ ಮೊದಲ ನಿಲ್ದಾಣ.
ಹಾಗಾಗಿ ಕೆಳಮನೆಯ ವಿರ್ವೆಯನ್ನು
ನನಗೆ ಕಂಡರಾಗುತ್ತಿರಲಿಲ್ಲ.

ಅವಳ ಅಂಚೆಡಬ್ಬಿ ಬಾಯಿ ಮುಚ್ಚಲಾರದೆ ಕಾಗದ ಕಾರುತ್ತಿತ್ತು.
ಅಂಗಳದಲ್ಲಿ ಬರ್ಚ್ ಕೊರಡುಗಳು
ತಂದು ಸುರಿದ ಹಾಗೇ ಬಿದ್ದು ಹಿಮ ಹೊದ್ದವು.
ಆದರೆ ನಡುರಾತ್ರಿ ಎರಡು ಗಂಟೆಗೆ
ಯಾರದೋ ಮುರುಕು ಅಕಾರ್ಡಿಯನ್ನಿನ ತಿದಿಗೆ ತೇಪೆ ಹಚ್ಚಿ
ಒಂದೊಂದೇ ಸ್ವರ ಒತ್ತಿ ನೋಡುವ ಸದ್ದು,
ಉಣ್ಣದೆ, ಏಳದೆ, ಬೆಳಗಿನ ತನಕ.
ಬೇಕಾದ್ದಕ್ಕೆ ಮೈ ಬಗ್ಗುತ್ತದೆ ನೋಡಿ, ಎಂದೆ
ಮೂರನೆಯ ಮಹಡಿಯ ಲಾಯ್ನೆಗೆ.
ಮನಸ್ಸಿದ್ದರೆ ಮಾರ್ಗ, ಎಂದಳು ಆಕೆ.

"ಮನಸ್ಸಿದೆ," ಎಂದಳು ವಿರ್ವೆ, ಮೆಟ್ಟಿಲ ಮೇಲೆ ಸಿಕ್ಕಾಗ.
ನಾವು ಆಡಿದ್ದು ಅವಳಿಗೆ ಕೇಳಿಸಿತ್ತು.
"ಮಾರ್ಗವೂ ಇದೆ. ಮೊಣಕೈಯಿಂದ ಲಕೋಟೆಗೆ ಒಂದು ಗೇಣು.
ಆ ಗೇಣನ್ನು ದಾಟಲು ಆಗುತ್ತಿಲ್ಲ ಹೆಲ್ದುರ್.
ಹನ್ನೊಂದು ದಿನದಿಂದ ಅದರ ಎದುರು ಕೂತು
ತೆಗೆ, ತೆಗೆಯೇ, ತೆಗೆ ಎಂದು
ನನ್ನನ್ನೇ ಬೈದು ಬೈದು ಸುಸ್ತಾಗಿದ್ದೇನೆ.
ನೀವು ಬೈಯುವುದು ಏನು ಮಹಾ.
ಸೋಮಾರಿಗೆ ಸುಖವಾದರೂ ಇರುತ್ತದೆ."

ನಲವತ್ತೆರಡಕ್ಕೆ ಅವಳ ಪಾಡಿಗೊಂದು ಹೆಸರು ಸಿಕ್ಕಿತಂತೆ: ಎಡಿಎಚ್‌ಡಿ.
ವೈದ್ಯೆ ಮಾತ್ರೆ ಬರೆದಳು. ಅದು ಗಾಜಿನ ಮಂಜು ಒರೆಸುತ್ತದೆ,
ಗಾಡಿ ಮಾತ್ರ ನಾನೇ ಹೊರಡಿಸಬೇಕು,
ಎಂದು ನಕ್ಕಳು, ಬಸ್ಸಿನವನಿಗೆ ಅರ್ಥವಾಗಲಿ ಎಂದು.

ಆ ರಾತ್ರಿ ನನಗೆ ನೆನಪಾದದ್ದೂ ಬಸ್ಸೇ.
ಮೈನಸ್ ಇಪ್ಪತ್ತೆಂಟು. ಟ್ಯಾಂಕು ಭರ್ತಿ, ಸೀಟಿನಲ್ಲಿ ನಾನು,
ನಿಲ್ದಾಣದಲ್ಲಿ ಕಾಲು ಕುಟ್ಟುತ್ತ ಜನ.
ಕೀಲಿ ತಿರುಗಿಸಿದರೆ ಒಂದು ಕೆಮ್ಮು, ಅಷ್ಟೆ.
ಆ ಇಂಜಿನ್ನಿಗೆ ಯಾರೂ ಬುದ್ಧಿ ಹೇಳಲಿಲ್ಲ.
ಮೆಕ್ಯಾನಿಕ್ ಉನೊ ಬೈದದ್ದು ಚಳಿಗೆ.
ಆಮೇಲೆ ಓಡುತ್ತಿದ್ದ ಇನ್ನೊಂದು ಬಸ್ಸನ್ನು ತಂದು
ಪಕ್ಕಕ್ಕೆ ನಿಲ್ಲಿಸಿ, ತಂತಿ ಸಿಕ್ಕಿಸಿ, ಕಾದ.

ಗುರುವಾರ ಒಂದು ಬುಟ್ಟಿ ಆಲೂಗೆಡ್ಡೆ, ಒಂದು ಚಾಕು ಹಿಡಿದು
ಅವಳ ಬಾಗಿಲು ತಟ್ಟಿದೆ.
ಏನೂ ಹೇಳುವುದಿಲ್ಲ, ಎಂದೆ. ಇಲ್ಲಿ ಕೂತು ಹೆರೆಯುತ್ತೇನೆ,
ನನ್ನ ಅಡುಗೆಮನೆಯ ದೀಪ ಮಂಕು.
ಸುಳ್ಳು. ದೀಪ ಚೆನ್ನಾಗಿಯೇ ಇದೆ.

ಮೊದಲ ಗೆಡ್ಡೆಗೆ ಅವಳು ಕಿಟಕಿ ನೋಡಿದಳು.
ಎರಡನೆಯದಕ್ಕೆ ಎದ್ದು ನೀರು ಕುಡಿದಳು,
ಲೋಟ ಎಲ್ಲೋ ಇಟ್ಟಳು, ಆ ಲೋಟ ಹುಡುಕಿದಳು.
ನನ್ನ ನಾಲಗೆ ತುರಿಸಿತು. ಕಚ್ಚಿ ಹಿಡಿದೆ.
ನಾಲ್ಕನೆಯದರ ಸಿಪ್ಪೆ ತುಂಡಾಗದೆ ಉದ್ದಕ್ಕೆ ಇಳಿಯುವಾಗ
ಪರ್ರನೆ ಲಕೋಟೆ ಹರಿದ ಸದ್ದು.
ತಲೆ ಎತ್ತಲಿಲ್ಲ ನಾನು,
ಎತ್ತಿದರೆ ಹಕ್ಕಿ ಹಾರೀತು ಎಂಬ ಹಾಗೆ.

ಒಳಗೇನಿತ್ತು? ನೀರಿನ ಮೀಟರಿನ ಅಂಕಿ ಕಳಿಸಿ
ಎಂಬ ಎರಡು ಸಾಲು. ಗಡುವು ಹೋದ ಸೋಮವಾರ.
ನಕ್ಕಳು. ಆಮೇಲೆ ಕೊಂಚ ಹೊತ್ತು ಅತ್ತಳು.
"ಇಷ್ಟಕ್ಕೆ ಹನ್ನೊಂದು ದಿನ," ಎಂದಳು.
ನಾನು ಐದನೆಯದನ್ನು ಎತ್ತಿಕೊಂಡೆ.

ಈಗ ಅವಳದೇ ಕೆಲವು ಉಪಾಯಗಳಿವೆ.
ಸೌದೆ ಒಟ್ಟಬೇಕು ಎಂದುಕೊಳ್ಳುವುದಿಲ್ಲ,
ಕೈಗವಸು ಹಾಕಿಕೊಳ್ಳಬೇಕು ಎಂದುಕೊಳ್ಳುತ್ತಾಳೆ;
ಹಾಕಿಕೊಂಡ ಕೈ ಸುಮ್ಮನಿರಲಾರದೆ ಒಂದು ಕೊರಡು ಎತ್ತುತ್ತದೆ.
ಪಾತ್ರೆ ತೊಳೆಯುವುದು ರೇಡಿಯೋದ ಹವಾಮಾನ ವಾರ್ತೆ ಮುಗಿಯುವ ತನಕ,
ಮುಗಿಯಿತೋ, ಅರ್ಧ ತೊಳೆದ ಬಾಣಲೆಗೂ ನಮಸ್ಕಾರ.
ಉಪಾಯಗಳೂ ಹಾಲಿನ ಹಾಗೆ ಹಳಸುತ್ತವೆ,
ಹೊಸದು ತರುತ್ತಿರಬೇಕು, ಎನ್ನುತ್ತಾಳೆ.
ಕೆಲವು ವಾರ ಯಾವುದೂ ನಡೆಯುವುದಿಲ್ಲ.
ಹೋದ ಗುರುವಾರ ಇಡೀ ಬುಟ್ಟಿ ಹೆರೆದೆ,
ಅವಳು ಕುರ್ಚಿ ಬಿಟ್ಟು ಏಳಲಿಲ್ಲ.
ಮುಂದಿನ ವಾರ ಬರಲೇ, ಎಂದೆ.
ತಲೆಯಾಡಿಸಿದಳು.

ನಾನೊಬ್ಬನೇ. ನನಗೆ ಬೇಕಾದದ್ದು ಮೂರು ಗೆಡ್ಡೆ.
ಇವತ್ತು ತೆರಿಗೆಯ ಕಾಗದ. ಹತ್ತೊಂಬತ್ತು ಹೆರೆದಾಯಿತು,
ಅವಳಿನ್ನೂ ಬರೆಯುತ್ತಿದ್ದಾಳೆ.
ರಾತ್ರಿ ಇಡೀ ಕಟ್ಟಡಕ್ಕೇ ಊಟ ಹಾಕಬೇಕಾದೀತು,
ಲಾಯ್ನೆಗೂ.